ಮಾರ್ತಿನಿಕ್ ದ್ವೀಪದಲ್ಲಿ ಹುಟ್ಟಿದ ಫ್ರೆಂಚ್ ವಿಮರ್ಶೆ

ಫ್ರೆಂಚ್ ವಿಮರ್ಶೆ ಎಂದೊಡನೆ ನಮ್ಮಲ್ಲಿ ಕೇಳಿಬರುವ ಹೆಸರುಗಳು ಬಾರ್ತ್, ಫೂಕೊ, ಡೆರಿಡಾ. ಊರು ಪ್ಯಾರಿಸ್, ಕಾಲ 1960ರ ಆಸುಪಾಸು. ವಸಾಹತುಗಳಿಂದ ಬಂದ ಬರಹಗಾರರು ಈ ಚರಿತ್ರೆಯ ಕೊನೆಯಲ್ಲಿ ಅನುಬಂಧದಂತೆ ಕಾಣಿಸಿಕೊಳ್ಳುತ್ತಾರೆ. ಈ ಕ್ರಮ ತಪ್ಪೆಂಬುದು ನನ್ನ ವಾದ. ಚೆಂದವಾಗಿ ಕಾಣುವ ಬರಹದ ಹಿಂದೆ ಯಾರ ಅಧಿಕಾರ ಅಡಗಿದೆ, ಎಲ್ಲರಿಗೂ ಸಲ್ಲುವುದೆನ್ನುವ ಮಾನವತಾವಾದದಲ್ಲಿ ಯಾರಿಗೆ ಜಾಗವಿಲ್ಲ ಎಂಬ ಪ್ರಶ್ನೆಗಳನ್ನು ಕೆರಿಬಿಯನ್ ಮತ್ತು ಆಫ್ರಿಕಾದ ಫ್ರೆಂಚ್ ಲೇಖಕರು ಅದಕ್ಕೂ ಮೊದಲೇ ತಮ್ಮ ಕಿರುಪತ್ರಿಕೆಗಳಲ್ಲಿ ಎತ್ತಿದ್ದರು. ಕೆರಿಬಿಯನ್ ದ್ವೀಪ ಮಾರ್ತಿನಿಕ್ ಮೂಲದ ಲೇಖಕಿ ಪೋಲೆತ್ ನರ್ದಾಲ್ ಮತ್ತು ಗೆಳೆಯರು 1931ರಲ್ಲಿ ಪ್ಯಾರಿಸ್ಸಿನಿಂದ ‘ಕಪ್ಪು ಲೋಕದ ಪತ್ರಿಕೆ’ಯನ್ನು ಫ್ರೆಂಚ್ ಮತ್ತು ಇಂಗ್ಲಿಷ್ ಎರಡರಲ್ಲೂ ಹೊರಡಿಸಿದರು. ಮರುವರ್ಷ ಅದೇ ದ್ವೀಪದ ವಿದ್ಯಾರ್ಥಿಗಳು ಹೊರತಂದ ‘ಲೆಜಿತಿಮ್ ದೆಫಾನ್ಸ್’ ಒಂದೇ ಸಂಚಿಕೆಗೆ ನಿಂತುಹೋಯಿತು. ಆದರೆ ತಮ್ಮ ನಾಡಿನ ಕವಿಗಳು ಫ್ರೆಂಚರ ನಕಲು ಮಾಡುತ್ತಿದ್ದಾರೆಂಬ ಅದರ ಆಕ್ಷೇಪ ಉಳಿದುಕೊಂಡಿತು.

ಆ ಆಕ್ಷೇಪ ಪೂರ್ಣ ವಿಮರ್ಶೆಯಾಗಿ ಬೆಳೆದದ್ದು ಯುದ್ಧಕಾಲದಲ್ಲಿ. ಕವಿ ಎಮೆ ಸೆಸೇರ್, ಅವರ ಪತ್ನಿ ಸುಝಾನ್ ಸೆಸೇರ್, ರೆನೆ ಮೆನಿಲ್ ಮೂವರೂ ಮಾರ್ತಿನಿಕ್‌ನ ಫೋರ್-ದ-ಫ್ರಾನ್ಸ್ ನಗರದಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರುಗಳು. 1941ರ ಏಪ್ರಿಲ್‌ನಲ್ಲಿ ಅವರು ‘ತ್ರೋಪಿಕ್’ ಪತ್ರಿಕೆ ಆರಂಭಿಸಿದಾಗ ದ್ವೀಪ ನಾತ್ಸಿಗಳೊಂದಿಗೆ ಕೈಜೋಡಿಸಿದ್ದ ವಿಶಿ ಸರ್ಕಾರದ ಹಿಡಿತದಲ್ಲಿತ್ತು. ದ್ವೀಪದ ಗಿಡಮರ, ಜಾನಪದ ಕಥೆಗಳ ಲೇಖನಗಳ ನಡುವೆ ಕವಿತೆ, ವಿಮರ್ಶೆಗಳು ಅಚ್ಚಾಗುತ್ತಿದ್ದವು. 1943ರ ಮೇ ತಿಂಗಳಲ್ಲಿ ಅಧಿಕಾರಿಗಳಿಗೆ ಅನುಮಾನ ಬಂತು. ಪತ್ರಿಕೆ ಕ್ರಾಂತಿಕಾರಿ, ಜನಾಂಗವಾದಿ ಎಂದು ದೂರಿ ಅಚ್ಚಿನ ಕಾಗದ ಕೊಡಲು ಒಪ್ಪಲಿಲ್ಲ. ಸಂಪಾದಕರು ಕ್ಷಮೆ ಕೇಳಲಿಲ್ಲ. ಆರೋಪಗಳನ್ನೆಲ್ಲ ಒಪ್ಪಿಕೊಂಡು, ಹೈಟಿಯ ವಿಮೋಚಕ ತೂಸಾಂ ಲೂವರ್ತೂರ್ ಮೊದಲಾದವರ ಸಾಲಿನಲ್ಲೇ ತಾವೂ ಇದ್ದೇವೆಂದು ಮಾರುತ್ತರ ಬರೆದರು. ಸಾಹಿತ್ಯ ಪತ್ರಿಕೆಗಳ ಚರಿತ್ರೆಯಲ್ಲಿ ಇಷ್ಟು ನೆಟ್ಟನೆಯ ಉತ್ತರ ಅಪರೂಪ. ಆಡಳಿತ ಬದಲಾದ ಮೇಲೆ ಮತ್ತೆ ಹೊರಬಂದ ಪತ್ರಿಕೆ 1945ರವರೆಗೆ ನಡೆಯಿತು. ಸುಝಾನ್ ಇದರಲ್ಲಿ ಬರೆದದ್ದು ಏಳೇ ಪ್ರಬಂಧ. 1942ರಲ್ಲಿ ಅವರು ಕೈಗೆತ್ತಿಕೊಂಡದ್ದು ಮೊದಲ ಗೊಂಕೂರ್ ಸಾಹಿತ್ಯ ಪ್ರಶಸ್ತಿ ಪಡೆದ ಜಾನ್-ಆಂತ್ವಾನ್ ನೋ ಅವರ ಕವಿತೆಯನ್ನು. ಹೊರಗಿನವರ ಕಣ್ಣಿಗೆ ಹಬ್ಬವಾಗಲೆಂದು ದ್ವೀಪವನ್ನು ಸಿಂಗರಿಸಿ ನಿಲ್ಲಿಸುವ ಕಾವ್ಯವನ್ನು ಅಲ್ಲಿ ಅವರು ನಿರ್ದಾಕ್ಷಿಣ್ಯವಾಗಿ ತಿರಸ್ಕರಿಸಿದರು. ಕಡಲು, ಬೆಟ್ಟ, ಹೂಗಳ ಸೊಬಗು ಕಬ್ಬಿನ ಗದ್ದೆಯ ಕೂಲಿಯವರ ಬವಣೆಯನ್ನು ಹೇಗೆ ಮರೆಮಾಚುತ್ತದೆ ಎಂಬುದನ್ನು 1945ರ ಕೊನೆಯ ಪ್ರಬಂಧ ತೋರಿಸಿತು. ಪ್ಯಾರಿಸ್ಸಿನ ವಾರಪತ್ರಿಕೆಯೊಂದರ ಮುಖಪುಟದಲ್ಲಿ ಸೆಲ್ಯೂಟ್ ಹೊಡೆಯುತ್ತಿದ್ದ ಕಪ್ಪು ಸೈನಿಕನ ಚಿತ್ರದ ಹಿಂದೆ ಸಾಮ್ರಾಜ್ಯ ಅಡಗಿರುವುದನ್ನು ಬಾರ್ತ್ ತೋರಿಸಿದ್ದು 1957ರ ‘ಮಿಥಾಲಜೀಸ್’ನಲ್ಲಿ. ವಿಧಾನ ಹತ್ತಿರಹತ್ತಿರ ಒಂದೇ; ಸುಝಾನ್ ಹನ್ನೆರಡು ವರ್ಷ ಮುಂದಿದ್ದರು.

ನನ್ನ ಈ ವಾದಕ್ಕೆ ಬರುವ ಮುಖ್ಯ ಆಕ್ಷೇಪ, ಇವರ ಸಲಕರಣೆಗಳೆಲ್ಲ ಪ್ಯಾರಿಸ್ಸಿನವೇ ಎಂಬುದು. ಎಮೆ ಸೆಸೇರ್ ಓದಿದ್ದು ಅಲ್ಲಿನ ಹೆಸರಾಂತ ವಿದ್ಯಾಸಂಸ್ಥೆ ಎಕೋಲ್ ನೊರ್ಮಾಲ್‌ನಲ್ಲಿ. ಅತಿವಾಸ್ತವವಾದ ಬಂದದ್ದೂ ಅಲ್ಲಿಂದಲೇ. ನಿಜ. ಆದರೆ ಆ ಪಂಥದ ನಾಯಕ ಆಂದ್ರೆ ಬ್ರೆತೋಂ 1941ರಲ್ಲಿ ದೇಶಬಿಟ್ಟು ಹೋಗುವಾಗ ಮಾರ್ತಿನಿಕ್‌ನಲ್ಲಿ ಇಳಿದು, ಅಂಗಡಿಯೊಂದರಲ್ಲಿ ಆಕಸ್ಮಿಕವಾಗಿ ‘ತ್ರೋಪಿಕ್’ ಕಂಡಾಗ ಮೊದಲ ಸಂಚಿಕೆ ಆಗಲೇ ಅಚ್ಚಾಗಿತ್ತು. ಗುರು ಬರುವ ಮೊದಲೇ ಕೆಲಸ ಶುರುವಾಗಿತ್ತು. ಬಾರ್ತ್ ಸುಝಾನ್ ಅವರಿಗೆ ಋಣಿ ಎಂದು ನಾನು ಹೇಳುತ್ತಿಲ್ಲ, ಅದಕ್ಕೆ ಆಧಾರವಿಲ್ಲ. ವಸಾಹತಿನ ಬದುಕೇ ಆ ಬಗೆಯ ಓದನ್ನು ಅನಿವಾರ್ಯ ಮಾಡಿತ್ತು ಎಂಬುದಷ್ಟೇ ನನ್ನ ಮಾತು. ಫ್ರೆಂಚರ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದ ಯಹೂದಿ ಹುಡುಗ ಡೆರಿಡಾ 1942ರಲ್ಲಿ ವಿಶಿ ಕಾನೂನಿನಿಂದಾಗಿ ಶಾಲೆ ಬಿಡಬೇಕಾಯಿತು. ತನಗಿರುವುದು ಒಂದೇ ಭಾಷೆ, ಅದೂ ತನ್ನದಲ್ಲ ಎಂಬ ಇಕ್ಕಟ್ಟನ್ನು ಅವರು 1996ರ ಪುಸ್ತಕದಲ್ಲಿ ಆ ಬಾಲ್ಯದಿಂದಲೇ ವಿವರಿಸಿದರು. ಪ್ಯಾರಿಸ್ಸಿನದೆಂದು ನಾವು ತಿಳಿದ ಸಿದ್ಧಾಂತದ ಬೇರೂ ಅಲ್ಜೀರಿಯಾದವರೆಗೆ ಹೋಗುತ್ತದೆ.

ಕಿರುಪತ್ರಿಕೆಗಳಲ್ಲಿ ಇದ್ದದ್ದು ಕಾವ್ಯಾವೇಶ, ಸಿದ್ಧಾಂತವಲ್ಲ ಎನ್ನುವವರೂ ಇದ್ದಾರೆ. ಅವರು ಮಾರ್ತಿನಿಕ್‌ನವರೇ ಆದ ಚಿಂತಕ ಫಾನೊನ್ ಅವರನ್ನು ಓದಬೇಕು. 1948ರಲ್ಲಿ ಸೆನೆಗಲ್‌ನ ಕವಿ ಸೆಂಘೋರ್ ಸಂಪಾದಿಸಿದ ಕಪ್ಪು ಕವಿಗಳ ಸಂಕಲನಕ್ಕೆ ಮುನ್ನುಡಿ ಬರೆದ ಫ್ರೆಂಚ್ ತತ್ವಜ್ಞಾನಿ ಸಾರ್ತ್ರ್, ಕಪ್ಪು ಜನರ ಅಸ್ಮಿತೆಯನ್ನು ಎತ್ತಿಹಿಡಿದ ನೆಗ್ರಿತ್ಯೂಡ್ ಚಳವಳಿ ವರ್ಗರಹಿತ ಸಮಾಜದತ್ತ ಸಾಗುವ ದಾರಿಯ ಒಂದು ತಂಗುದಾಣ ಮಾತ್ರ, ಮುಂದೆ ಕರಗಿಹೋಗಲೇಬೇಕಾದದ್ದು ಎಂದರು. ಸೆಸೇರ್ ಕಲಿಸುತ್ತಿದ್ದ ಶಾಲೆಯಲ್ಲೇ ಓದಿದ್ದ ಫಾನೊನ್ 1952ರಲ್ಲಿ ಇದಕ್ಕೆ ಎದುರಾಡಿದರು: ಕಪ್ಪು ಮನುಷ್ಯ ತನ್ನ ಅನುಭವವನ್ನು ಬದುಕಿ ಮುಗಿಸುವ ಮೊದಲೇ ಅದರ ಅರ್ಥವನ್ನು ಬೇರೆಯವರು ತೀರ್ಮಾನಿಸಿಬಿಟ್ಟರೆ ಅವನ ಕೈಯಲ್ಲಿ ಉಳಿಯುವುದೇನು? ಸಾರ್ತ್ರ್ ಇವರ ಹಿತೈಷಿಯೇ. ಹಿತೈಷಿಯ ಸಿದ್ಧಾಂತವನ್ನೂ ಒಳಹೊಕ್ಕು ಬಿಚ್ಚಿಡುವುದೇ ವಿಮರ್ಶೆ. 1947ರಲ್ಲಿ ಸೆನೆಗಲ್‌ನ ಅಲಿಯೂನ್ ಡಿಯೋಪ್ ಆರಂಭಿಸಿದ ‘ಪ್ರೆಸಾನ್ಸ್ ಆಫ್ರಿಕೇನ್’ ಇಂಥ ವಾದಗಳಿಗೆ ನೆಲೆಯಾಯಿತು. ಅದೇ ಪತ್ರಿಕೆ 1956ರಲ್ಲಿ ಪ್ಯಾರಿಸ್ಸಿನ ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಕಪ್ಪು ಲೇಖಕರ ಮತ್ತು ಕಲಾವಿದರ ಮೊದಲ ಸಮಾವೇಶ ಸೇರಿಸಿತು.

ಇಷ್ಟಾದರೂ ಮನ್ನಣೆ ಮಾತ್ರ ಬಹಳ ತಡವಾಗಿ ಬಂತು. ಸುಝಾನ್ ಸೆಸೇರ್ 1966ರಲ್ಲಿ ತೀರಿಕೊಂಡರು. ಅವರ ಏಳು ಪ್ರಬಂಧಗಳು ಪ್ಯಾರಿಸ್ಸಿನಲ್ಲಿ ಒಂದು ಪುಸ್ತಕವಾಗಿ ಪ್ರಕಟವಾದದ್ದು 2009ರಲ್ಲಿ.