ಸರಸ್ವತೀಭಂಡಾರವೂ ಲಿನಕ್ಸ್ ಭಂಡಾರವೂ

ಅನೇಕರು ನಿತ್ಯವೂ ಆಶ್ರಯಿಸಿರುವ ಗ್ರಂಥದಲ್ಲಿ ದೋಷವು ಕಂಡುಬಂದರೆ ಅದನ್ನು ತಿದ್ದುವ ಕ್ರಮವಾವುದು? ತಿದ್ದದಿದ್ದರೆ ದೋಷವು ಹರಡುವುದು. ಅವಿಚಾರದಿಂದ ತಿದ್ದಿದರೆ ಅದನ್ನು ನಂಬಿದ ಇತರ ಗ್ರಂಥಗಳೂ ಕೆಡುವುವು. ಪೂರ್ವದ ಶಾಸ್ತ್ರಕಾರರಿಗೆ ಒದಗಿದ ಈ ಪ್ರಶ್ನೆಯೇ ಇಂದು ಲಿನಕ್ಸ್ ಸರ್ವರುಗಳ ತಂತ್ರಾಂಶವನ್ನು ನವೀಕರಿಸುವವರಿಗೂ ಒದಗಿರುವುದು. ಇದರ ಉತ್ತರಕ್ಕೆ ಸಲ್ಲುವ ಪೂರ್ವನಿದರ್ಶನಗಳು ಸೇಡಂ, ಚಿತ್ತಾಪುರ ಪ್ರಾಂತಗಳ ಇತಿಹಾಸದಲ್ಲಿ ಉಂಟು.

ಕಾತ್ಯಾಯನನು ಪಾಣಿನಿಯ ಸೂತ್ರಗಳನ್ನು ಅಳಿಸಿ ಬರೆಯಲಿಲ್ಲ. ಉಕ್ತ, ಅನುಕ್ತ, ದುರುಕ್ತಗಳನ್ನು ವಿಮರ್ಶಿಸುವ ವಾರ್ತಿಕಗಳನ್ನು ಬೇರೆಯಾಗಿ ರಚಿಸಿದನು. ಮೂಲವು ಮೂಲವಾಗಿಯೇ ಉಳಿದು, ತಿದ್ದುಪಡಿಯು ತಿದ್ದುಪಡಿಯೆಂದೇ ತೋರುವುದು ಈ ಕ್ರಮದ ಗುಣ. ವಾರ್ತಿಕಗಳು ಹೆಚ್ಚಿದಂತೆ ಅಧ್ಯಯನವು ಭಾರವಾಗುವುದು ಇದರ ಕೊರತೆ. ಎರಡನೆಯ ಕ್ರಮಕ್ಕೆ ಸೇಡಂ ತಾಲ್ಲೂಕಿನ ಮಳಖೇಡವೇ ಸಾಕ್ಷಿ. ಕಾಗಿಣಾ ತೀರದ ಈ ಊರು ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ (814–878) ಕಾಲದಲ್ಲಿ ಪಾಲ್ಯಕೀರ್ತಿ ಶಾಕಟಾಯನನು ಶಬ್ದಾನುಶಾಸನವನ್ನೂ ಅದಕ್ಕೆ ಅಮೋಘವೃತ್ತಿಯನ್ನೂ ರಚಿಸಿ, ವಾರ್ತಿಕಗಳ ಸಾರವನ್ನು ಸೂತ್ರಗಳಲ್ಲಿಯೇ ಅಡಕಮಾಡಿದನು. ಸೂತ್ರದ ಹೊರಗೆ ಹೇಳಬೇಕಾದುದು ಉಳಿದಿಲ್ಲವೆಂದು ವ್ಯಾಖ್ಯಾನಕಾರನಾದ ಯಕ್ಷವರ್ಮನು ಇದನ್ನು ಪ್ರಶಂಸಿಸಿರುವನು.

1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯು ಈ ಎರಡು ಕ್ರಮಗಳನ್ನೂ ಅನುಸರಿಸುವುದು. ಸ್ಥಿರ ಆವೃತ್ತಿಯಲ್ಲಿ ಭದ್ರತೆಯ ದೋಷವು ಕಂಡರೆ, ಸಾಮಾನ್ಯವಾಗಿ ಹಳೆಯ ಪ್ಯಾಕೇಜನ್ನೇ ಉಳಿಸಿಕೊಂಡು ಆ ದೋಷಕ್ಕೆ ಬೇಕಾದಷ್ಟು ತಿದ್ದುಪಡಿಯನ್ನು ಮಾತ್ರ ಸೇರಿಸುವರು, ಇದು ವಾರ್ತಿಕಮಾರ್ಗ. ಸುಮಾರು ಎರಡು ವರ್ಷಗಳಿಗೊಮ್ಮೆ ಎಲ್ಲವನ್ನೂ ಒಳಗೊಂಡ ಹೊಸ ಆವೃತ್ತಿಯನ್ನು ಹೊರಡಿಸುವರು, ಇದು ಶಾಕಟಾಯನಮಾರ್ಗ. 1999ರ ಆವೃತ್ತಿಯೊಡನೆ ಬಂದ ಆಪ್ಟ್ ಎಂಬ ಸಾಧನವು ಒಂದು ಪ್ಯಾಕೇಜು ಅವಲಂಬಿಸಿದ ಇತರ ಪ್ಯಾಕೇಜುಗಳನ್ನು ತಾನೇ ಗುರುತಿಸಿ ತರುವುದು.

ಪ್ಯಾಕೇಜುಗಳನ್ನು ಕೂಡಿಟ್ಟ ಸ್ಥಾನಕ್ಕೆ ಭಂಡಾರವೆಂಬ ಹೆಸರು ಸಹಜವಾಗಿ ಒಪ್ಪುವುದು. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಕಲ್ಯಾಣ ಚಾಳುಕ್ಯರ ಒಂದನೆಯ ಸೋಮೇಶ್ವರನ ಕಾಲದ ಘಟಿಕಾಸ್ಥಾನವಿದ್ದಿತು. 1058ರ ಶಾಸನವು ಅಲ್ಲಿ 200 ಮಂದಿ ವೇದವಿದ್ಯಾರ್ಥಿಗಳನ್ನೂ, ಶಾಸ್ತ್ರವಿದ್ಯಾರ್ಥಿಗಳನ್ನೂ, ಉಪಾಧ್ಯಾಯರನ್ನೂ ಹೇಳಿ, ಅವರೊಡನೆ 6 ಮಂದಿ ಸರಸ್ವತೀಭಂಡಾರಿಗರನ್ನೂ ಹೆಸರಿಸಿರುವುದು. ಪುಸ್ತಕರಕ್ಷಣೆಯು ಬೋಧನೆಯಂತೆಯೇ ವೃತ್ತಿಯುಳ್ಳ ಕಾರ್ಯವಾಗಿತ್ತೆಂಬುದು ಇದರಿಂದ ಸ್ಪಷ್ಟ.

ಭಂಡಾರಕ್ಕೆ ಒದಗುವ ಮಹಾಭಯವು ಪ್ರಕ್ಷೇಪ. ಓಲೆಯಲ್ಲಿ ಅನ್ಯರು ಸೇರಿಸಿದ ಪಂಕ್ತಿಯು ಮೂಲದ ವೇಷದಲ್ಲಿಯೇ ಸಂಚರಿಸುವುದು. 2024ರ ಮಾರ್ಚಿಯಲ್ಲಿ ಎಕ್ಸ್‌ಝಡ್ ಎಂಬ ತಂತ್ರಾಂಶದ 5.6.0 ಮತ್ತು 5.6.1ನೆಯ ಆವೃತ್ತಿಗಳಲ್ಲಿ ಅಂತಹ ಪ್ರಕ್ಷೇಪವೊಂದು ಬಯಲಾಯಿತು. ವರ್ಷಗಳ ಕಾಲ ವಿಶ್ವಾಸವನ್ನು ಸಂಪಾದಿಸಿದ ಸಹ-ನಿರ್ವಾಹಕನ ಖಾತೆಯಿಂದಲೇ ಅದು ಸೇರಿದ್ದಿತು. ಸರ್ವರಿನ ಪ್ರವೇಶದಲ್ಲಿ ಅರ್ಧ ಸೆಕೆಂಡಿನ ವಿಳಂಬವನ್ನು ಕಂಡು ಸಂಶಯಪಟ್ಟ ಆಂಡ್ರೆಸ್ ಫ್ರಾಯಿಂಡ್ ಅದನ್ನು ಪತ್ತೆಹಚ್ಚಿದನು. ಡೆಬಿಯನ್ನಿನ ಪರೀಕ್ಷಾರ್ಥ ಶಾಖೆಗಳನ್ನು ಅದು ಹೊಕ್ಕಿದ್ದಿತು. ಸ್ಥಿರ ಆವೃತ್ತಿಯನ್ನು ಮುಟ್ಟಲಿಲ್ಲ.

ಆಪ್ಟ್ ಪರೀಕ್ಷಿಸುವ ಡಿಜಿಟಲ್ ಮುದ್ರೆಯು ಪ್ಯಾಕೇಜು ಯಾವ ಭಂಡಾರದಿಂದ ಬಂದಿತೆಂಬುದನ್ನು ಸ್ಥಾಪಿಸುವುದು. ಒಳಗಿನ ಪಾಠವು ಶುದ್ಧವೆಂಬುದನ್ನು ಸ್ಥಾಪಿಸಲಾರದು. ಆದುದರಿಂದ ನವೀಕರಣವನ್ನು ತಡೆಯುವುದೂ ದೋಷ, ಬಂದುದೆಲ್ಲವನ್ನೂ ತತ್‌ಕ್ಷಣ ಸ್ವೀಕರಿಸುವುದೂ ದೋಷ. ತಿದ್ದುಪಡಿಯ ಮೂಲವನ್ನು ಅರಿತು, ಪಾಠವನ್ನು ಪರೀಕ್ಷಿಸಿ ಒಪ್ಪಿಕೊಳ್ಳುವ ಭಂಡಾರಿಗನಿಲ್ಲದೆ ಭಂಡಾರವು ನಿಲ್ಲಲಾರದು.