ನರ್ಸ್ ಆಗಲು ಎಷ್ಟು ವರ್ಷ ಬೇಕು? ‘ಆರು ತಿಂಗಳ ಕೋರ್ಸ್’ ಬೋರ್ಡು ನೋಡಿ ಹಣ ಕಟ್ಟುವ ಮೊದಲು ತಿಳಿಯಬೇಕಾದದ್ದು

ಮಂಗಳೂರು: ಬೆಳಗ್ಗಿನ ಹೊತ್ತು ಹಂಪನಕಟ್ಟೆಯಲ್ಲಿ ಯೂನಿಫಾರ್ಮ್ ಹಾಕಿದ ನರ್ಸಿಂಗ್ ವಿದ್ಯಾರ್ಥಿಗಳು ಕಾಣದ ದಿನ ಕಡಿಮೆ. 1848ರಿಂದ ಇರುವ ವೆನ್ಲಾಕ್ ಜಿಲ್ಲಾಸ್ಪತ್ರೆ, ಹೆರಿಗೆಗೆ ಹೆಸರಾದ ಲೇಡಿಗೋಷನ್ ಆಸ್ಪತ್ರೆ ಎರಡೂ ಇಲ್ಲಿಂದ ನಡೆದು ಹೋಗುವಷ್ಟೇ ದೂರ. ಕಂಕನಾಡಿಯ ಫಾದರ್ ಮುಲ್ಲರ್, ಬಲ್ಮಠದ ಲಕ್ಷ್ಮೀ ಮೆಮೋರಿಯಲ್, ದೇರಳಕಟ್ಟೆಯ ನಿಟ್ಟೆ ಉಷಾ, ಯೇನೆಪೋಯ ಹೀಗೆ ನರ್ಸಿಂಗ್ ಕಾಲೇಜುಗಳಿಗೂ ಈ ಊರಲ್ಲಿ ಬರಗಾಲವಿಲ್ಲ. ಆದರೂ ಮಕ್ಕಳನ್ನು ಸೇರಿಸಲು ಹಳ್ಳಿಯಿಂದ ಬಂದ ತಂದೆ ತಾಯಿ ಕೇಳುವ ಮೊದಲ ಪ್ರಶ್ನೆಗೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ. ಎಷ್ಟು ವರ್ಷದ ಕೋರ್ಸ್? ಒಬ್ಬರು ಆರು ತಿಂಗಳು ಅಂತಾರೆ, ಇನ್ನೊಬ್ಬರು ನಾಲ್ಕು ವರ್ಷ ಅಂತಾರೆ. ಎರಡೂ ಸುಳ್ಳಲ್ಲ. ಆದರೆ ಎರಡೂ ಒಂದೇ ಕೆಲಸದ ಬಗ್ಗೆ ಹೇಳುವ ಮಾತಲ್ಲ.

ಮುಖ್ಯವಾದ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಎಸೆಸೆಲ್ಸಿ ಮುಗಿಸಿ ನೇರವಾಗಿ ಸೇರಿ, ನರ್ಸ್ ಅಂತ ರಿಜಿಸ್ಟ್ರೇಷನ್ ಪಡೆಯುವ ಕೋರ್ಸ್ ಈಗ ಇಲ್ಲ. ಪಿಯುಸಿ ಆಗಲೇಬೇಕು. ಹಾಗಾಗಿ ಹತ್ತನೇ ಕ್ಲಾಸು ಮುಗಿಸಿದ ಮಗುವಿನ ಲೆಕ್ಕದಲ್ಲಿ ಕೆಳಗೆ ಹೇಳುವ ಎಲ್ಲ ಅವಧಿಗೂ ಎರಡು ವರ್ಷ ಸೇರಿಸಿಕೊಳ್ಳಬೇಕು.

ಅವುಗಳಲ್ಲಿ ಚಿಕ್ಕದು ಎಎನ್‌ಎಂ, 2 ವರ್ಷ. ಹಿಂದೆ ಇದು 18 ತಿಂಗಳಿತ್ತು, ಹಳಬರು ಈಗಲೂ ‘ಒಂದೂವರೆ ವರ್ಷ’ ಅನ್ನುವುದು ಅದಕ್ಕೇ. ಈಗಿನ 2 ವರ್ಷದಲ್ಲಿ ಕೊನೆಯ 6 ತಿಂಗಳು ಇಂಟರ್ನ್‌ಶಿಪ್. ಪಿಯುಸಿಯಲ್ಲಿ ಯಾವ ವಿಷಯ ಓದಿದ್ದರೂ ಆಗುತ್ತದೆ, ಆದರೆ ಹುಡುಗಿಯರಿಗೆ ಮಾತ್ರ. ಲಸಿಕೆ, ಗರ್ಭಿಣಿಯರ ತಪಾಸಣೆ, ಮನೆಮನೆ ಭೇಟಿ ಅಂತ ಉಪಕೇಂದ್ರದಲ್ಲಿ ಕೆಲಸ ಮಾಡುವ ‘ಸಿಸ್ಟರ್’ ಈ ದಾರಿಯಿಂದ ಬಂದವರು. ಸರಕಾರಿ ಕಾಗದದಲ್ಲಿ ಅವರೀಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಆಸ್ಪತ್ರೆಯ ಸ್ಟಾಫ್ ನರ್ಸ್ ಹುದ್ದೆಗೆ ಎಎನ್‌ಎಂ ಸಾಲುವುದಿಲ್ಲ. ಸೇರುವ ಮೊದಲು ಇದು ಗೊತ್ತಿರಬೇಕು, ಎಷ್ಟೋ ಜನರಿಗೆ ಕೋರ್ಸ್ ಮುಗಿದ ಮೇಲೆ ಗೊತ್ತಾಗುತ್ತದೆ.

ಸ್ಟಾಫ್ ನರ್ಸ್ ಆಗಬೇಕೆಂದರೆ ಜಿಎನ್‌ಎಂ ಇಲ್ಲವೇ ಬಿಎಸ್ಸಿ ನರ್ಸಿಂಗ್.

ಜಿಎನ್‌ಎಂ ಡಿಪ್ಲೊಮಾ 3 ವರ್ಷದ್ದು. ಇದೂ ಮೊದಲು ಮೂರೂವರೆ ವರ್ಷವಿತ್ತು. 2015-16ರಲ್ಲಿ ಪಠ್ಯಕ್ರಮ ಬದಲಾದಾಗ ಇಂಟರ್ನ್‌ಶಿಪ್ ಮೂರನೇ ವರ್ಷದೊಳಗೇ ಬಂತು. ಹುಡುಗರೂ ಸೇರಬಹುದು. ಸೈನ್ಸ್ ಓದಿದವರಿಗೆ ಆದ್ಯತೆ ಎಂದಿದ್ದರೂ ಆರ್ಟ್ಸ್, ಕಾಮರ್ಸ್ ಮಾಡಿ ಶೇ. 40 ಅಂಕ ಪಡೆದು ಇಂಗ್ಲಿಷ್ ಪಾಸಾದವರಿಗೂ ಅವಕಾಶ ಉಂಟು. ಪರೀಕ್ಷೆ ನಡೆಸುವುದು ಕರ್ನಾಟಕ ರಾಜ್ಯ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ.

ಬಿಎಸ್ಸಿ ನರ್ಸಿಂಗ್ 4 ವರ್ಷ, 8 ಸೆಮಿಸ್ಟರ್. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಲೇಬೇಕು. ಸಾಮಾನ್ಯ ವರ್ಗಕ್ಕೆ ಶೇ. 45, ಪರಿಶಿಷ್ಟರಿಗೆ ಶೇ. 40 ಅಂಕ, ಜತೆಗೆ ಇಂಗ್ಲಿಷ್ ಪಾಸಾಗಿರಬೇಕು. ಸರಕಾರಿ ಕೋಟಾದ ಸೀಟುಗಳು ಈಗ ಸಿಇಟಿ ಮೂಲಕ ಹಂಚಿಕೆಯಾಗುತ್ತವೆ. ‘ಮಾರ್ಕ್ಸ್ ಉಂಟಲ್ಲ, ಆಮೇಲೆ ನೋಡುವಾ’ ಎಂದು ಸಿಇಟಿಗೆ ಅರ್ಜಿ ಹಾಕದೇ ಕೂತವರಿಗೆ ಆ ಸೀಟು ಸಿಗುವುದಿಲ್ಲ. ಕೊನೆಯ ಸೆಮಿಸ್ಟರ್ ಪೂರ್ತಿ ಆಸ್ಪತ್ರೆಯಲ್ಲೇ: ವಾರಕ್ಕೆ 48 ಗಂಟೆಯಂತೆ 22 ವಾರ.

ಇಲ್ಲಿ ಒಂದು ಕೂಡು ಲೆಕ್ಕ ಮಾಡಿ ನೋಡಬೇಕು. ಜಿಎನ್‌ಎಂ ಮುಗಿಸಿ, ರಿಜಿಸ್ಟ್ರೇಷನ್ ಪಡೆದು, ಆಮೇಲೆ ಡಿಗ್ರಿ ಬೇಕೆಂದರೆ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬೇಕು. ಅದು 2 ವರ್ಷ, ಒಟ್ಟು 5. ನೇರ ಬಿಎಸ್ಸಿಗೆ 4. ಎಎನ್‌ಎಂನಿಂದ ಶುರು ಮಾಡಿ ಜಿಎನ್‌ಎಂ, ಪೋಸ್ಟ್ ಬೇಸಿಕ್ ಅಂತ ಹೋದರೆ 7 ವರ್ಷ. ಸಣ್ಣ ಕೋರ್ಸ್ ಹಿಡಿದು ಮೇಲೇರುವ ದಾರಿ ಕೊನೆಗೆ ಎಲ್ಲಕ್ಕಿಂತ ಉದ್ದದ ದಾರಿ. ಆದರೆ ಮನೆಗೆ ಬೇಗ ಸಂಬಳ ಬರಲೇಬೇಕು, ಪಿಯುಸಿಯಲ್ಲಿ ಸೈನ್ಸ್ ಇರಲಿಲ್ಲ ಎಂಬವರಿಗೆ ಜಿಎನ್‌ಎಂ ಕೆಟ್ಟ ಆಯ್ಕೆ ಅಲ್ಲ. ಮೂರು ವರ್ಷದಲ್ಲಿ ಕೈಗೆ ಕೆಲಸ, ಡಿಗ್ರಿ ಆಮೇಲೂ ಮಾಡಬಹುದು. ಕಲಿಸುವ ಕೆಲಸ ಬೇಕೆಂದರೆ ಎಂಎಸ್ಸಿ ನರ್ಸಿಂಗ್, ಮತ್ತೆ 2 ವರ್ಷ.

ಹಾಗಾದರೆ ಬೋರ್ಡಿನ ಮೇಲಿನ ‘ಆರು ತಿಂಗಳು’ ಏನು? ಅದು ನರ್ಸಿಂಗ್ ಅಸಿಸ್ಟೆಂಟ್, ಜನರಲ್ ಡ್ಯೂಟಿ ಅಸಿಸ್ಟೆಂಟ್, ಹೋಂ ನರ್ಸ್ ತರಬೇತಿ. ಕೆಲವು ತಿಂಗಳಿಂದ ಒಂದು ವರ್ಷದವರೆಗೆ ಇರುತ್ತದೆ. ರೋಗಿಗೆ ಸ್ನಾನ ಮಾಡಿಸುವುದು, ಊಟ ಕೊಡುವುದು, ಹಾಸಿಗೆ ಬದಲಿಸುವುದು, ಬಿಪಿ ನೋಡುವುದು ಕಲಿಸುತ್ತಾರೆ. ಮರ್ಯಾದೆಯ ಕೆಲಸವೇ. ಮಕ್ಕಳೆಲ್ಲ ದುಬೈಯಲ್ಲೋ ಬೆಂಗಳೂರಲ್ಲೋ ಇರುವ ಈ ಜಿಲ್ಲೆಯ ಮನೆಗಳಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುತ್ತಿರುವುದು ಹೆಚ್ಚಾಗಿ ಇವರೇ. ಆದರೆ ಈ ಸರ್ಟಿಫಿಕೇಟ್ ಹಿಡಿದುಕೊಂಡು ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಲು ಆಗುವುದಿಲ್ಲ, ಸ್ಟಾಫ್ ನರ್ಸ್ ಹುದ್ದೆಗೆ ಅರ್ಜಿ ಹಾಕಲು ಆಗುವುದಿಲ್ಲ, ಈ ತಿಂಗಳುಗಳನ್ನು ಮುಂದೆ ಜಿಎನ್‌ಎಂನಲ್ಲಿ ಕಳೆದುಕೊಡುವುದೂ ಇಲ್ಲ. ಜಿಎನ್‌ಎಂ ಮೊದಲ ವರ್ಷದಿಂದಲೇ ಶುರು ಮಾಡಬೇಕು. ಕೋರ್ಸ್ ತಪ್ಪಲ್ಲ. ಅದನ್ನು ‘ನರ್ಸಿಂಗ್’ ಎಂಬ ಒಂದೇ ಶಬ್ದದಲ್ಲಿ ಮಾರುವುದು ತಪ್ಪು.

ಹಣ ಕಟ್ಟುವ ಮೊದಲು ಆಫೀಸಿನಲ್ಲಿ ನೇರವಾಗಿ ಕೇಳಬಹುದಾದ ಪ್ರಶ್ನೆ ಒಂದುಂಟು: ‘ಇದು ಮುಗಿದ ಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ರಿಜಿಸ್ಟ್ರೇಷನ್ ಸಿಗ್ತದಾ?’ ಹೌದು ಎಂದರೆ ಮಾನ್ಯತೆಯ ಪತ್ರ ತೋರಿಸಲು ಹೇಳಬೇಕು, ಪರೀಕ್ಷೆ ನಡೆಸುವುದು ಯಾರೆಂದು ಕೇಳಬೇಕು. ‘ನಮ್ಮದೇ ಸರ್ಟಿಫಿಕೇಟ್’ ಎಂಬ ಉತ್ತರ ಬಂದರೆ ಅದು ಸ್ಟಾಫ್ ನರ್ಸ್ ಕೋರ್ಸ್ ಅಲ್ಲ. ಅರ್ಧಕ್ಕೆ ಬಿಟ್ಟರೆ ಉಳಿದ ವರ್ಷಗಳ ಫೀಸ್ ಕಟ್ಟಬೇಕಾ, ಮೂಲ ಮಾರ್ಕ್ಸ್‌ಕಾರ್ಡ್ ಅವರ ಹತ್ತಿರವೇ ಇರುತ್ತದಾ ಎನ್ನುವುದನ್ನೂ ಆ ದಿನವೇ ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು. ಬಿಡುವ ದಿನ ಕೇಳಿದರೆ ತಡವಾಗುತ್ತದೆ.

ಕಾಗದದ ಮೇಲೆ 3 ಅಥವಾ 4 ವರ್ಷ ಇದ್ದದ್ದು ಎಲ್ಲರಿಗೂ ಅಷ್ಟರಲ್ಲೇ ಮುಗಿಯುವುದಿಲ್ಲ. ಪರೀಕ್ಷೆಗೆ ಕೂರಲು ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ ಶೇ. 80 ಹಾಜರಿ ಬೇಕು. ಅದಕ್ಕಿಂತ ಬಿಗಿ ಇನ್ನೊಂದು ನಿಯಮ: ಕೊನೆಗೆ ಸರ್ಟಿಫಿಕೇಟ್ ಕೈಗೆ ಬರಬೇಕಾದರೆ ಪ್ರಾಕ್ಟಿಕಲ್ ಹಾಜರಿ ಶೇ. 100 ಆಗಿರಬೇಕು. ಮದುವೆ, ನೇಮ, ಜ್ವರ ಅಂತ ತಪ್ಪಿಸಿಕೊಂಡ ವಾರ್ಡ್ ಡ್ಯೂಟಿಯನ್ನು ಆಮೇಲೆ ಮಾಡಿ ತೀರಿಸಲೇಬೇಕು. ಫೇಲಾದರೆ ಅವಧಿ ಇನ್ನೂ ಎಳೆಯುತ್ತದೆ. ಅದಕ್ಕೂ ಮಿತಿ ಇದೆ, ಜಿಎನ್‌ಎಂಗೆ ಗರಿಷ್ಠ 6 ವರ್ಷ, ಬಿಎಸ್ಸಿಗೆ 8. ಫಲಿತಾಂಶ ಬಂದು, ರಿಜಿಸ್ಟ್ರೇಷನ್ ನಂಬರ್ ಸಿಗುವವರೆಗಿನ ಕಾಯುವಿಕೆಯನ್ನೂ ಸಾಲದ ಕಂತಿನ ಲೆಕ್ಕ ಹಾಕುವವರು ಮರೆಯಬಾರದು.

ಕಾಸರಗೋಡು ಕಡೆಯ ಮಕ್ಕಳಿಗೆ ಇನ್ನೊಂದು ಹೆಜ್ಜೆ ಜಾಸ್ತಿ. ಇಲ್ಲಿ ಓದಿ ಕರ್ನಾಟಕದಲ್ಲಿ ನೋಂದಣಿಯಾದವರು ಊರಿಗೆ ಹೋಗಿ ಕೆಲಸ ಮಾಡಬೇಕೆಂದರೆ ಕೇರಳದ ಪರಿಷತ್ತಿನಲ್ಲೂ ನೋಂದಣಿ ಮಾಡಿಸಿಕೊಳ್ಳಬೇಕು.

ಅಮೆರಿಕದಲ್ಲಿ ಒಂದೇ ವರ್ಷದಲ್ಲಿ ನರ್ಸ್ ಆಗಬಹುದು ಎಂದು ಮೊಬೈಲಲ್ಲಿ ಓದಿಕೊಂಡು ಬರುವವರೂ ಇದ್ದಾರೆ. ಅಲ್ಲಿ ‘ಪ್ರಾಕ್ಟಿಕಲ್ ನರ್ಸ್’ ಎಂಬ ದರ್ಜೆ ಉಂಟು, ತರಬೇತಿ ಸುಮಾರು ಒಂದು ವರ್ಷ, ರಿಜಿಸ್ಟರ್ಡ್ ನರ್ಸ್‌ನ ಕೈಕೆಳಗೆ ಕೆಲಸ. ನಮ್ಮಲ್ಲಿ ಆ ಹೆಸರಿನ ನೋಂದಣಿಯೇ ಇಲ್ಲ. ಇಲ್ಲಿನ ಆರು ತಿಂಗಳ ಸರ್ಟಿಫಿಕೇಟನ್ನು ಅದಕ್ಕೆ ಸಮ ಎಂದು ಯಾವ ಏಜೆಂಟ್ ಹೇಳಿದರೂ ನಂಬುವಂತಿಲ್ಲ. ಇಲ್ಲಿಂದ ಹೋಗಿ ಅಲ್ಲಿ ರಿಜಿಸ್ಟರ್ಡ್ ನರ್ಸ್ ಆಗಲು ಹೊರಟವರು ಜಿಎನ್‌ಎಂ ಅಥವಾ ಬಿಎಸ್ಸಿ ಮುಗಿಸಿ, ಇಲ್ಲಿ ನೋಂದಣಿ ಮಾಡಿಸಿ, ಆಮೇಲೆ ಆ ದೇಶದ ಲೈಸೆನ್ಸ್ ಪರೀಕ್ಷೆ ಬರೆಯುತ್ತಾರೆ. ಗಲ್ಫ್‌ನಲ್ಲಿ ಅದರ ಜತೆ ಆಸ್ಪತ್ರೆಯಲ್ಲಿ ದುಡಿದ ಅನುಭವವನ್ನೂ ಕೇಳುವುದು ರೂಢಿ. ಆ ವರ್ಷಗಳನ್ನೂ ಸೇರಿಸಿಯೇ ಪಾಸ್‌ಪೋರ್ಟ್ ಮಾಡಿಸುವ ಲೆಕ್ಕ ಹಾಕಬೇಕು.