ಮಣ್ಣು ವಿಜ್ಞಾನಿ

ಮಣ್ಣು ವಿಜ್ಞಾನಿಯ ಮೊದಲ ಪ್ರಯೋಗಾಲಯ ಒಂದು ಗುಂಡಿ. ಹೊಲದಲ್ಲಿ ಆಳೆತ್ತರಕ್ಕೆ ತೋಡಿ, ಬಿಸಿಲು ಬೀಳುವ ಬದಿಯನ್ನು ಚಾಕುವಿನಿಂದ ಕೆರೆದು ಹಸನು ಮಾಡಿದರೆ ಪದರಗಳು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಮೇಲೆ ಬೇರು, ಕಸಕಡ್ಡಿ ಕೊಳೆತು ಕಪ್ಪಗಾದ ಪದರ. ಅದರಡಿ ಮಳೆನೀರಿನೊಂದಿಗೆ ಇಳಿದುಬಂದ ಜೇಡಿ ಕಟ್ಟಿಕೊಂಡ ಪದರ. ಇನ್ನೂ ಕೆಳಗೆ ಕೈಯಲ್ಲಿ ಹಿಚುಕಿದರೆ ಪುಡಿಯಾಗುವ, ಅರ್ಧ ಕಲ್ಲು ಅರ್ಧ ಮಣ್ಣಾದ ಗರಸು. ಪ್ರತಿ ಪದರದ ಹೆಂಟೆಯನ್ನು ಮುನ್ಸೆಲ್ ಬಣ್ಣದ ಪಟ್ಟಿಯ ಪಕ್ಕ ಹಿಡಿದು ಬಣ್ಣ ಬರೆದುಕೊಳ್ಳುತ್ತಾರೆ. ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟಾಗ ನೊರೆ ಎದ್ದರೆ ಸುಣ್ಣವಿದೆಯೆಂದು ಲೆಕ್ಕ. ಚಿಟಿಕೆ ಮಣ್ಣನ್ನು ಒದ್ದೆಮಾಡಿ ನಾದಿ, ಹೆಬ್ಬೆರಳಿನಿಂದ ಪಟ್ಟಿಯಾಗಿ ಒತ್ತಿ, ಅದು ಎಷ್ಟು ಉದ್ದಕ್ಕೆ ತುಂಡಾಗುತ್ತದೆಂದು ನೋಡಿ ಮರಳು, ರೇವೆ, ಜೇಡಿಗಳ ಪಾಲನ್ನು ಅಂದಾಜು ಮಾಡುತ್ತಾರೆ. ಪಳಗಿದ ಬೆರಳಿನ ಅಂದಾಜು ಪ್ರಯೋಗಾಲಯದ ಉತ್ತರಕ್ಕೆ ಹೆಚ್ಚು ದೂರವಿರುವುದಿಲ್ಲ.

ಮಣ್ಣೆಂದರೆ ಪುಡಿಯಾದ ಕಲ್ಲು, ಇಲ್ಲವೇ ಗಿಡಗಳ ಆಹಾರದ ಉಗ್ರಾಣ ಎಂಬ ತಿಳಿವಳಿಕೆ ಹತ್ತೊಂಬತ್ತನೆಯ ಶತಮಾನದ ಬಹುಭಾಗ ಚಲಾವಣೆಯಲ್ಲಿತ್ತು. ರಷ್ಯಾದ ವಾಸಿಲಿ ಡೊಕುಚಾಯೆವ್ 1883ರಲ್ಲಿ ತಮ್ಮ ದೇಶದ ಕಪ್ಪು ನೆಲದ ಬಗ್ಗೆ ಪ್ರಕಟಿಸಿದ ಗ್ರಂಥ ಆ ಎಣಿಕೆಯನ್ನು ಬದಲಿಸಿತು. ಹವೆ, ಜೀವಿಗಳು, ಮೂಲಶಿಲೆ, ನೆಲದ ಏರಿಳಿತ, ಕಾಲ ಇವೆಲ್ಲ ಕೂಡಿ ಮಣ್ಣು ಹುಟ್ಟುತ್ತದೆ ಎಂಬುದು ಅವರ ವಾದ. ಮಣ್ಣು ವಿಜ್ಞಾನಿ ಹ್ಯಾನ್ಸ್ ಜೆನ್ನಿ 1941ರಲ್ಲಿ ಇದೇ ಐದು ಅಂಶಗಳನ್ನು ಒಂದು ಸೂತ್ರಕ್ಕೆ ಇಳಿಸಿದರು. ಭಾರತದಲ್ಲಿ ಜೆ. ಡಬ್ಲ್ಯೂ. ಲೆದರ್ 1898ರಲ್ಲಿ ಮೆಕ್ಕಲು, ಕಪ್ಪು, ಕೆಂಪು, ಜಂಬಿಟ್ಟಿಗೆ ಎಂಬ ನಾಲ್ಕು ದೊಡ್ಡ ಗುಂಪುಗಳನ್ನು ಮಾಡಿದರು. ನಮ್ಮ ರೈತರು ಎರೆ (ಕಪ್ಪು), ಮಸಾರಿ (ಕೆಂಪು), ಚೌಳು (ಉಪ್ಪು ಕಟ್ಟಿದ್ದು) ಎಂದು ಅದಕ್ಕೂ ಎಷ್ಟೋ ಮೊದಲೇ ಭಾಗ ಮಾಡಿಕೊಂಡಿದ್ದರು. ಲೆದರ್‌ಗೆ ಸಿಕ್ಕ ಗೌರವ ಅವರಿಗೆ ಸಿಗಲಿಲ್ಲ, ಅಷ್ಟೆ.

ದಖ್ಖನಿನ ಬಸಾಲ್ಟ್ ಶಿಲೆ ಶಿಥಿಲವಾಗಿ ಆದ ವಿಜಯಪುರ, ಕಲಬುರಗಿ ಕಡೆಯ ಎರೆ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕುಗಳು ಬೀಳುವುದು ಇದರಿಂದಲೇ. ಮುಂಗಾರಿನ ನೀರನ್ನು ಆಳದಲ್ಲಿ ಹಿಡಿದಿಡುವ ಶಕ್ತಿಯೂ ಅದೇ ಜೇಡಿಯದು. ಹಿಂಗಾರಿಗೆ ಬಿತ್ತಿದ ಬಿಳಿಜೋಳ ಆಮೇಲೆ ಮಳೆ ಹೆಚ್ಚು ಬೀಳದಿದ್ದರೂ ಆ ತೇವದಲ್ಲೇ ತೆನೆ ಕಟ್ಟುತ್ತದೆ. ಉತ್ತರ ಕರ್ನಾಟಕದ ರೊಟ್ಟಿ ನಿಂತಿರುವುದು ಇದರ ಮೇಲೆ. ದಕ್ಷಿಣದ ಗ್ರಾನೈಟ್, ನೈಸ್ ಶಿಲೆಗಳಿಂದಾದ ಕೆಂಪು ಮಣ್ಣಿನಲ್ಲಿ ಅಷ್ಟು ನೀರು ನಿಲ್ಲದು. ಆದರೆ ಮನೆ ಕಟ್ಟುವವರಿಗೆ ಕೆಂಪು ನೆಲವೇ ವಾಸಿ. ಎರೆ ನೆಲದ ಮೇಲೆ ಆಳವಿಲ್ಲದ ಪಾಯ ಹಾಕಿದರೆ ಗೋಡೆ ಓರೆಯಾಗಿ ಸೀಳುತ್ತದೆ. ತಳದಲ್ಲಿ ಉಬ್ಬಿದ ಕಾಂಕ್ರೀಟ್ ಕಂಬಗಳನ್ನು ಆಳಕ್ಕೆ ಇಳಿಸುವ ಪದ್ಧತಿಯನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ್ದು ಇಂಥ ನೆಲಕ್ಕೆಂದೇ.

ಔಷಧದ ಅಂಗಡಿಗೂ ಮಣ್ಣಿನ ನಂಟಿದೆ. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಸಿಕ್ಕಿದ್ದು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ. ಮಣ್ಣಿನ ಜೀವಿಗಳನ್ನೇ ಓದುತ್ತಿದ್ದ ಸೆಲ್ಮನ್ ವಾಕ್ಸ್‌ಮನ್ ಅವರಿಗೆ 1952ರ ನೊಬೆಲ್ ಬಂತು. ಸ್ಟ್ರೆಪ್ಟೊಮೈಸಿನ್ ಬೇರ್ಪಡಿಸಿದ ಶಿಷ್ಯ ಆಲ್ಬರ್ಟ್ ಶಾಟ್ಜ್ ಅವರಿಗೆ ಬರಲಿಲ್ಲ.

ರೈತರಿಗೆ ಹತ್ತಿರದ ಕೆಲಸವೆಂದರೆ ಮಣ್ಣು ಪರೀಕ್ಷೆ. ಹೊಲದ ಹಲವೆಡೆ ಸುಮಾರು 15 ಸೆಂಟಿಮೀಟರ್ ಆಳದ ಗುಳಿ ತೋಡಿ, ಬದಿಯಿಂದ ಸೀಳಿದ ಮಣ್ಣನ್ನು ಬಟ್ಟೆಯ ಮೇಲೆ ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಚೆಲ್ಲುತ್ತ ಅರ್ಧ ಕಿಲೋಗೆ ಇಳಿಸಬೇಕು. ಬದುವಿನ ಪಕ್ಕ, ಮರದ ಬುಡ, ತಿಪ್ಪೆ ಇದ್ದ ಜಾಗದ ಮಣ್ಣು ಸೇರಬಾರದು. ಸತುವಿನ ಪರೀಕ್ಷೆಯಿದ್ದರೆ ಸತು ಲೇಪದ ಬಕೆಟ್ಟೂ ಕೂಡದು. ಇಲ್ಲಿ ಅವಸರ ಮಾಡಿದರೆ ಎಷ್ಟು ದುಬಾರಿ ಯಂತ್ರವೂ ಸುಳ್ಳು ಹೇಳುತ್ತದೆ. 2015ರಲ್ಲಿ ದೇಶದಾದ್ಯಂತ ಆರಂಭವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಹನ್ನೆರಡು ಅಂಶಗಳಿವೆ: ರಸಸಾರ, ವಿದ್ಯುತ್ ವಾಹಕತೆ, ಸಾವಯವ ಇಂಗಾಲ, ನಾಲ್ಕು ಮುಖ್ಯ ಪೋಷಕಾಂಶ, ಐದು ಲಘು ಪೋಷಕಾಂಶ. ಸಾವಯವ ಇಂಗಾಲ ಶೇಕಡಾ 0.5ಕ್ಕಿಂತ ಕೆಳಗಿದ್ದರೆ ಕೊರತೆ ಎಂದು ಬರೆಯುತ್ತಾರೆ.

ಇಂಥ ಪರೀಕ್ಷೆ ಏನನ್ನು ಬಯಲಿಗೆಳೆಯಬಲ್ಲದು ಎಂಬುದಕ್ಕೆ 2009ರಲ್ಲಿ ಕರ್ನಾಟಕ ಸರ್ಕಾರ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ ಕೈಗೊಂಡ ಭೂಚೇತನ ಯೋಜನೆ ಸಾಕ್ಷಿ. ಮಳೆಯಾಶ್ರಿತ ಜಮೀನುಗಳಲ್ಲಿ ಸತು, ಬೋರಾನ್, ಗಂಧಕ ಮೂರೂ ವ್ಯಾಪಕವಾಗಿ ಕಡಿಮೆಯಾಗಿದ್ದವು. ಇಳುವರಿ ಕುಸಿತಕ್ಕೆಲ್ಲ ಮಳೆಯನ್ನೇ ದೂರುವ ರೂಢಿಗೆ ಇದೊಂದು ಪೆಟ್ಟು. ಗಂಧಕದ ಕೊರತೆಯಲ್ಲಿ ರಸಗೊಬ್ಬರದ ಆಯ್ಕೆಗೂ ಪಾಲಿದೆ. ಸೂಪರ್ ಫಾಸ್ಫೇಟ್ ಹಾಕಿದಾಗ ರಂಜಕದ ಜೊತೆ ಗಂಧಕವೂ ನೆಲಕ್ಕೆ ಬೀಳುತ್ತದೆ, ಡಿಎಪಿಯಲ್ಲಿ ಅದಿಲ್ಲ. ಎಣ್ಣೆಕಾಳು ಬೆಳೆಯುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಮಣ್ಣು ವಿಜ್ಞಾನಿ ಇಲ್ಲದೆ ದಾರಿ ತಪ್ಪುವ ಸಾಧ್ಯತೆ ಹೆಚ್ಚಿರುವುದು ಸವಳು ನೆಲದಲ್ಲಿ. 1953ರಿಂದ ತುಂಗಭದ್ರೆಯ ಕಾಲುವೆ ನೀರು ಹರಿದ ಮೇಲೆ ಗಂಗಾವತಿ, ಸಿಂಧನೂರು ಭಾಗದಲ್ಲಿ ನೆಲ ಸವಳಾದ ಕಥೆ ಹೀಗಿದೆ. ಯೋಜನೆಯಲ್ಲಿ ಹೆಚ್ಚಿನ ಭೂಮಿಗೆ ಜೋಳ, ಹತ್ತಿಯಂಥ ಅರೆ ಖುಷ್ಕಿ ಬೆಳೆ ಎಂದಿತ್ತು. ರೈತರು ಭತ್ತಕ್ಕೆ ಇಳಿದರು. ನೀರು ಕಂಡ ಮೇಲೆ ಯಾರಾದರೂ ಮಾಡುವ ಕೆಲಸವೇ. ಎರೆ ನೆಲದಲ್ಲಿ ನೀರು ಬಸಿಯುವುದು ನಿಧಾನ. ಅಂತರ್ಜಲ ಮೇಲೇರಿತು, ಅದರೊಂದಿಗೆ ಏರಿದ ಉಪ್ಪು ಬಿಸಿಲಿಗೆ ಆವಿಯಾಗದೆ ಮೇಲ್ಮೈಯಲ್ಲಿ ಉಳಿಯಿತು.

ಕೆಟ್ಟ ನೆಲವೆಲ್ಲ ನೋಡಲು ಹೆಚ್ಚುಕಡಿಮೆ ಒಂದೇ, ಮದ್ದು ಬೇರೆ. ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿ ರಸಸಾರ 8.5ರ ಒಳಗಿದ್ದರೆ ಅದು ಉಪ್ಪಿನ ನೆಲ. ಒಳ್ಳೆ ನೀರು ನಿಲ್ಲಿಸಿ ಬಸಿದರೆ ತೊಳೆದುಹೋಗುತ್ತದೆ, ಜಿಪ್ಸಂ ಸುರಿಯುವುದು ದುಡ್ಡು ದಂಡ. ರಸಸಾರ 8.5 ಮೀರಿ, ಜೇಡಿಯ ಕಣಗಳಿಗೆ ಸೋಡಿಯಂ ಅಂಟಿಕೊಂಡಿದ್ದರೆ ಅದು ಕ್ಷಾರ ನೆಲ. ಅಲ್ಲಿ ಬರೀ ನೀರು ಹಾಯಿಸಿದರೆ ಕಣಗಳು ಬಿಡಿಬಿಡಿಯಾಗಿ ರಂಧ್ರ ಮುಚ್ಚಿ ನೆಲ ಇನ್ನಷ್ಟು ಗಟ್ಟಿಯಾಗುತ್ತದೆ. ಮೊದಲು ಜಿಪ್ಸಂ ಹಾಕಬೇಕು; ಅದರ ಕ್ಯಾಲ್ಸಿಯಂ ಸೋಡಿಯಂ ಅನ್ನು ಹೊರದೂಡಿದ ಮೇಲೆ ನೀರು ಬಿಡಬೇಕು. ಎರಡೂ ದೋಷ ಒಂದೇ ಹೊಲದಲ್ಲಿದ್ದಾಗ ಬರೀ ಉಪ್ಪು ತೊಳೆದವರಿಗೆ ಕ್ಷಾರ ನೆಲ ಉಳಿದ ಉದಾಹರಣೆಗಳಿವೆ. ಯಾವ ಮದ್ದಾದರೂ ಬಸಿಗಾಲುವೆ ಬೇಕೇ ಬೇಕು. ನೆಲದಡಿ ತೂತಿನ ಕೊಳವೆ ಹೂಳಿ ನೀರನ್ನು ಹಳ್ಳಕ್ಕೆ ಹಾಯಿಸುವ ವಿಧಾನವೂ ಬಳಕೆಯಲ್ಲಿದೆ. ಆದರೆ ಕೊಳವೆ ಒಬ್ಬರ ಹೊಲದಲ್ಲಿ ನಿಲ್ಲುವಂಥದ್ದಲ್ಲ: ಕೆಳಗಿನ ಹೊಲದವರು ಒಪ್ಪಬೇಕು, ಹಳ್ಳ ಹೂಳಿಲ್ಲದೆ ಇರಬೇಕು, ಮೇಲಿನವರು ಭತ್ತಕ್ಕೆ ಬಿಡುವ ನೀರು ಕಡಿಮೆಯಾಗಬೇಕು. ಇವು ಮೂರೂ ಪ್ರಯೋಗಾಲಯದ ವರದಿಯಲ್ಲಿ ಬರುವ ವಿಷಯಗಳಲ್ಲ.